ಮಾರಾಟಕ್ಕಿಲ್ಲ ಎಂದ ಆಟಗಾರ

ಮಾನ್ಯ ಸಂಪಾದಕರೇ,

ಐಪಿಎಲ್ ಹರಾಜಿನ ಸುದ್ದಿ ಬಂದಾಗಲೆಲ್ಲ ನನಗೆ ಕರ್ಟ್ ಫ್ಲಡ್ ನೆನಪಾಗುತ್ತಾರೆ. ಅಮೆರಿಕದ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ಬೇಸ್‌ಬಾಲ್ ತಂಡದ ಸೆಂಟರ್ ಫೀಲ್ಡರ್. ಎಂಥ ಫೀಲ್ಡರ್ ಅಂದರೆ, 1966ರ ಇಡೀ ಸೀಸನ್ನಿನಲ್ಲಿ ಅವರ ಹೆಸರಿನಲ್ಲಿ ಒಂದೇ ಒಂದು ಎರರ್ (ಫೀಲ್ಡಿಂಗ್ ತಪ್ಪು) ಇಲ್ಲ. ಒಳ್ಳೆಯ ಫೀಲ್ಡಿಂಗ್‌ಗೆ ಕೊಡುವ ಗೋಲ್ಡ್ ಗ್ಲೋವ್ ಪ್ರಶಸ್ತಿ ಸತತ ಏಳು ಸಲ ಬೇರೆ.

1969ರಲ್ಲಿ ತಂಡ ಅವರನ್ನು ಒಂದು ಮಾತೂ ಕೇಳದೆ ಫಿಲಡೆಲ್ಫಿಯಾ ತಂಡಕ್ಕೆ ಕೊಟ್ಟುಬಿಟ್ಟಿತು. ಆಗಿನ ನಿಯಮವೇ ಹಾಗಿತ್ತು. ಕರಾರು ಮುಗಿದರೂ ಆಟಗಾರ ತಂಡದ ಹಿಡಿತದಲ್ಲೇ. ಫ್ಲಡ್ ಒಪ್ಪಲಿಲ್ಲ. ನಾನು ಕೊಂಡು ಮಾರುವ ಸೊತ್ತಲ್ಲ ಎಂದು ಡಿಸೆಂಬರ್ 24ರಂದು ಬೇಸ್‌ಬಾಲ್ ಕಮಿಷನರ್‌ಗೆ ಪತ್ರ ಬರೆದರು. ಅದೂ ವರ್ಷಕ್ಕೆ ಸುಮಾರು 90 ಸಾವಿರ ಡಾಲರ್ ಎಣಿಸುತ್ತಿದ್ದವರು! ಆ ನಿಯಮದ ವಿರುದ್ಧ ಕೋರ್ಟಿಗೂ ಹೋದರು. ಕೇಸು ನಡೆದಾಗ ಹಳೆಯ ಖ್ಯಾತ ಆಟಗಾರ ಜಾಕಿ ರಾಬಿನ್ಸನ್ ಬಂದು ಅವರ ಪರ ಸಾಕ್ಷಿ ಹೇಳಿದರು. ಆಗ ಆಡುತ್ತಿದ್ದವರು ಒಬ್ಬರೂ ಬರಲಿಲ್ಲ. ಹೆದರಿಕೆ ಇದ್ದೇ ಇರುತ್ತದೆ, ಅಲ್ವಾ?

1972ರಲ್ಲಿ ಸುಪ್ರೀಂ ಕೋರ್ಟ್‌ನಲ್ಲಿ 5–3ರಿಂದ ಸೋತರು. ಅಷ್ಟರಲ್ಲಿ ಆಟವೂ ಮುಗಿದಿತ್ತು. 1975ರ ಕೊನೆಗೆ ಬೇರೆ ಇಬ್ಬರು ಆಟಗಾರರ ಪ್ರಕರಣದಲ್ಲಿ ಆ ನಿಯಮ ಬಿತ್ತು.

ನಿಮ್ಮ ಕ್ರೀಡಾ ಪುಟ ಹರಾಜಿನ ದರಪಟ್ಟಿಯ ಪಕ್ಕದಲ್ಲಿ, ಆಟಗಾರರ ಕರಾರಿನಲ್ಲಿ ಏನೇನಿರುತ್ತದೆ ಅಂತಲೂ ಒಂದು ಸಲ ಬರೆಯಲಿ.

– ಓದುಗ, ಧಾರವಾಡ