ಮಾಳಿಗೆ ಮಾಲೀಕರದು, ಬಿಲ್ಲು ನಮ್ಮದು

ಸಂಪಾದಕರೇ,

ಬಳ್ಳಾರಿಯ ಬೆಂಗಳೂರು ರಸ್ತೆಯ ಬಾಡಿಗೆ ಕಟ್ಟಡವೊಂದರಲ್ಲಿ ಹದಿನಾಲ್ಕು ವರ್ಷದಿಂದ ಬಟ್ಟೆ ಅಂಗಡಿ ನಡೆಸುತ್ತಿದ್ದೇನೆ. ಕೆಳಗೆ ಪ್ಯಾಂಟು ಶರ್ಟು, ಮೇಲೆ ಸೀರೆ. ಗೃಹಜ್ಯೋತಿಯ ಉಚಿತ ಕರೆಂಟ್ ಮನೆಗೆ ಮಾತ್ರ. ಅಂಗಡಿಯವರು ಉರಿಸಿದಷ್ಟಕ್ಕೂ ಕಟ್ಟಲೇಬೇಕು.

ಹೋದ ವರ್ಷ ದೀಪಾವಳಿಗೆ ಮುಂಚೆ ಚೋಕಿನ 40 ಟ್ಯೂಬ್‌ಲೈಟ್ ಇಳಿಸಿ ಎಲ್‌ಇಡಿ ಹಾಕಿಸಿದೆ. ಹಳೆಯದು ಚೋಕೂ ಸೇರಿ ಸುಮಾರು 50 ವ್ಯಾಟ್ ಎಳೆಯುತ್ತಿತ್ತು, ಹೊಸದು 20. ದಿನಕ್ಕೆ ಹನ್ನೊಂದು ಗಂಟೆ ಉರಿಯುವ ದೀಪಗಳು ಇವು. ತಿಂಗಳಿಗೆ ಹತ್ತಿರ ಹತ್ತಿರ 400 ಯೂನಿಟ್ ಇಳಿಯಿತು. ಯೂನಿಟ್‌ಗೆ ಎಲ್ಲ ಸೇರಿ 8 ರೂಪಾಯಿ ಹಿಡಿದರೂ 3,000 ದಾಟಿತು. ಕೂಲಿ ಸೇರಿ 12,000 ಖರ್ಚಾಗಿತ್ತು. ಶಿವರಾತ್ರಿ ಹೊತ್ತಿಗೆ ಅಸಲು ಕೈಗೆ ಬಂತು.

ಆಮೇಲೆ ಫ್ಯಾನ್. 75 ವ್ಯಾಟಿನವು ಹನ್ನೆರಡು ಇದ್ದವು. 30 ವ್ಯಾಟಿನ, ಕಮ್ಮಿ ಕರೆಂಟ್ ಎಳೆಯುವ ಮೋಟಾರಿನ ಬಿಎಲ್‌ಡಿಸಿ ಫ್ಯಾನ್ ಹಾಕಿಸಿದೆ, ಒಂದಕ್ಕೆ 3,000. ಇದರ ದುಡ್ಡು ಹುಟ್ಟಲು ಎರಡು ವರ್ಷ ದಾಟಬಹುದು. ಆದರೂ ಚಿಂತೆ ಇಲ್ಲ, ಅಂಗಡಿ ಖಾಲಿ ಮಾಡುವ ದಿನ ಬಿಚ್ಚಿಕೊಂಡು ಹೋಗಬಹುದು.

ಮಾಳಿಗೆ ಬಿಚ್ಚಿಕೊಂಡು ಹೋಗೋಕಾಗುತ್ತಾ?

ಬೇಸಿಗೆಯಲ್ಲಿ ನಮ್ಮ ಬಿಲ್ಲು ಏರಿಸುವುದು ಸೀರೆ ಮಹಡಿಯ ಎಸಿ. ಅದರ ನೆತ್ತಿ ಮೇಲೆ ಬರೀ ಆರ್‌ಸಿಸಿ ಸ್ಲ್ಯಾಬ್. ಮೇ ತಿಂಗಳಲ್ಲಿ ರಾತ್ರಿ ಒಂಬತ್ತಕ್ಕೆ, ಶಟರ್ ಎಳೆಯುವ ಮುಂಚೆ, ಸ್ಟೂಲ್ ಹತ್ತಿ ಒಳಗಿನಿಂದ ಸ್ಲ್ಯಾಬ್ ಮುಟ್ಟಿ ನೋಡಿದೆ. ರೊಟ್ಟಿ ಬೇಯಿಸಿ ಇಳಿಸಿಟ್ಟ ಹಂಚಿನ ಹಾಗೆ ಇನ್ನೂ ಬಿಸಿ ಕಾರುತ್ತಿತ್ತು. ಸೀರೆ ಬಿಡಿಸಿ ತೋರಿಸುವ ಹುಡುಗಿಯರು ಮಧ್ಯಾಹ್ನವಿಡೀ ಕುತ್ತಿಗೆ ಒರೆಸಿಕೊಳ್ಳುತ್ತಲೇ ಇರುತ್ತಾರೆ. ಎಸಿ 24ಕ್ಕಿಟ್ಟರೆ ಸಾಲದು, 20ಕ್ಕೆ ಇಳಿಸಬೇಕು. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ 6ರಷ್ಟು ಕರೆಂಟ್ ಉಳಿಯುತ್ತದೆ ಎಂದು ಕೇಂದ್ರದ ಇಂಧನ ದಕ್ಷತಾ ಬ್ಯೂರೋ ಹೇಳುತ್ತದೆ. ನಾವು ನಾಲ್ಕು ಡಿಗ್ರಿ ಇಳಿಸಿ ಕೂತಿದ್ದೇವೆ.

ಮಾಳಿಗೆಗೆ ಬಿಸಿಲು ತಡೆಯುವ ಬಿಳಿ ಬಣ್ಣ ಬಳಿಸಲು 45,000 ಕೇಳಿದ್ದಾರೆ. ಮಾಲೀಕರು, 'ಬಿಲ್ಲು ಕಟ್ಟೋರು ನೀವು, ಖರ್ಚು ನಂದ್ಯಾಕೆ?' ಅಂದರು. ಅವರ ಮಾತೂ ತಪ್ಪಲ್ಲ. ನನ್ನದು ಹನ್ನೊಂದು ತಿಂಗಳ ಕರಾರು. ಅಷ್ಟು ದುಡ್ಡು ಇನ್ನೊಬ್ಬರ ಮಾಳಿಗೆ ಮೇಲೆ ಸುರಿಯಲು ನನಗೂ ಧೈರ್ಯ ಇಲ್ಲ. ಮೀಟರ್ ಕೂಡ ಅವರ ಹೆಸರಿನಲ್ಲೇ ಇದೆ. ದೀಪ, ಫ್ಯಾನ್ ಬದಲಿಸಿದ್ದಕ್ಕೆ ಮೀಟರಿಗೆ ಮಂಜೂರಾದ ಲೋಡ್ ಇಳಿಸಿ, ಅದರ ಲೆಕ್ಕದಲ್ಲಿ ತಿಂಗಳು ತಿಂಗಳು ಬೀಳುವ ಫಿಕ್ಸೆಡ್ ಚಾರ್ಜ್ ಕಮ್ಮಿ ಮಾಡಿಸೋಣ ಅಂದರೂ ಅವರ ಸಹಿ ಬೇಕು.

ಈ ರಸ್ತೆಯ ಎಷ್ಟೋ ಬಾಡಿಗೆ ಅಂಗಡಿಗಳ ಪಾಡು ಇದೇ. ಖರ್ಚು ಅರ್ಧ ಅರ್ಧ ಹಾಕೋಣ, ಐದು ವರ್ಷದ ಕರಾರು ಮಾಡಿಕೊಳ್ಳೋಣ ಎಂದು ಮಾಲೀಕರಲ್ಲಿ ಕೇಳುತ್ತೇನೆ. ಬಣ್ಣ ಬಳಿದರೆ ಸ್ಲ್ಯಾಬ್ ಬಿರುಕು ಬಿಡುವುದೂ ಕಮ್ಮಿ, ಅದು ಅವರಿಗೇ ಲಾಭ ಅಲ್ವಾ? ಏಪ್ರಿಲ್‌ನಲ್ಲೇ ಆಸ್ತಿ ತೆರಿಗೆ ಕಟ್ಟಿದರೆ ಶೇ 5 ರಿಯಾಯಿತಿ ಕೊಡುವ ಮಹಾನಗರ ಪಾಲಿಕೆ, ಮಾಳಿಗೆ ತಂಪು ಮಾಡಿಸಿದ ಮಾಲೀಕರಿಗೂ ಒಂದಿಷ್ಟು ಬಿಡಲಿ.

ಮುಂದಿನ ಬೇಸಿಗೆಗೆ ಮುಂಚೆ ಇದು ಆಗಬೇಕು. ನನ್ನ ಪಾಲಿನ ದುಡ್ಡು ತೆಗೆದಿಟ್ಟಿದ್ದೇನೆ.

– ಬಟ್ಟೆ ವ್ಯಾಪಾರಿ, ಬೆಂಗಳೂರು ರಸ್ತೆ, ಬಳ್ಳಾರಿ