ಗಲ್ಫ್‌ನಿಂದ ಮರಳುವವರಿಗೂ ಆಸರೆ ಬೇಕು

ಮಾನ್ಯರೇ,

ದುಬೈಯಲ್ಲಿ 17 ವರ್ಷ ದುಡಿದೆ. ಪ್ರತಿ ಸಲ ರಜೆ ಮುಗಿಸಿ ಹೊರಡುವಾಗ ಅಮ್ಮ ಹಲಸಿನ ಹಪ್ಪಳ ಕಟ್ಟಿ ಕೊಟ್ಟು, ‘ಇನ್ನು ಸಾಕು, ಬಂದುಬಿಡು’ ಅನ್ನುತ್ತಿದ್ದರು. ಬರೋಣ ಅಂದರೆ ಕೈಯಲ್ಲಿ ಏನಿದೆ? ಅಲ್ಲಿ ನಮ್ಮಂಥವರಿಗೆ ಪಿಂಚಣಿ ಇಲ್ಲ. ಗ್ರಾಚ್ಯುಟಿ ಲೆಕ್ಕ ಹಾಕುವುದೂ ಮೂಲ ವೇತನದ ಮೇಲೆ ಮಾತ್ರ. ಮೊದಲ 5 ವರ್ಷ, ವರ್ಷಕ್ಕೆ 21 ದಿನದ ಸಂಬಳ. ‘ಇನ್ನೆರಡು ವರ್ಷ’ ಅನ್ನುತ್ತಲೇ ವಯಸ್ಸು ಕಳೆಯಿತು.

ಕೇರಳದಲ್ಲಿ ಅನಿವಾಸಿಗಳ ಕಲ್ಯಾಣ ಮಂಡಳಿಗೆ ತಿಂಗಳು ತಿಂಗಳು ವಂತಿಗೆ ಕಟ್ಟಿದವರಿಗೆ 60 ದಾಟಿದ ಮೇಲೆ ಪಿಂಚಣಿ ಸಿಗುತ್ತದೆ. ಉಡುಪಿ, ಮಂಗಳೂರು, ಭಟ್ಕಳದಲ್ಲಿ ಗಲ್ಫ್ ದುಡ್ಡಿನಿಂದಲೇ ಎದ್ದ ಮನೆಗಳು ಎಷ್ಟಿವೆ, ಅಲ್ವಾ? ನಮ್ಮ ಸರ್ಕಾರವೂ ಇಂಥದ್ದೊಂದು ಶುರು ಮಾಡಲಿ. ಕಂತು ನಾವೇ ಕಟ್ಟುತ್ತೇವೆ.

– ಊರಿಗೆ ಮರಳಿದ ಓದುಗ, ಕುಂದಾಪುರ