ಉತ್ತರ ಪತ್ರಿಕೆ ಕೈಗೆ ಬರುವ ಮುಂಚೆ

ಮಾನ್ಯ ಪೋಷಕರಿಗೆ, ನಮಸ್ಕಾರ.

ಈ ಶನಿವಾರ ಬೆಳಗ್ಗೆ 10 ಗಂಟೆಗೆ ಪೋಷಕರ ಸಭೆ ಇದೆ. ಅರ್ಧವಾರ್ಷಿಕ ಪರೀಕ್ಷೆಯ ಉತ್ತರ ಪತ್ರಿಕೆಗಳನ್ನು ಅಂದೇ ಕೊಡುತ್ತೇವೆ. ಅದಕ್ಕೆ ಮುಂಚೆ ಒಂದೆರಡು ಮಾತು.

ಒಂಬತ್ತನೇ ತರಗತಿಯ ಒಬ್ಬ ಹುಡುಗನ ಗಣಿತದ ಪೇಪರ್ ನನ್ನ ಮೇಜಿನ ಮೇಲಿದೆ. ಎ ಕೂಡಿಸು ಬಿ, ಅದರ ವರ್ಗ ಎಷ್ಟು ಅಂದರೆ ಎ ವರ್ಗಕ್ಕೆ ಬಿ ವರ್ಗ ಕೂಡಿಸಿ ಮುಗಿಸಿದ್ದಾನೆ. ನಡುವೆ ಬರಬೇಕಾದ 2ಎಬಿ ಇಲ್ಲ. ಎಷ್ಟು ಸಲ ತಿದ್ದಿದ್ದೇವೋ ಲೆಕ್ಕವಿಲ್ಲ. ಸೂತ್ರ ಹೇಳು ಅಂದರೆ ಗಡಗಡ ಒಪ್ಪಿಸುತ್ತಾನೆ. ಬರೆಯುವಾಗ ಮಾತ್ರ ಕೈ ಹಳೇ ದಾರಿ ಹಿಡಿಯುತ್ತದೆ. "ತಲೆಗೇ ಹತ್ತಲ್ಲ ಮೇಡಂ" ಅಂದರು ಅವರಪ್ಪ. ಹತ್ತಿದೆ. ಮೊದಲು ನುಗ್ಗಿ ಬರುವ ತಪ್ಪು ಉತ್ತರವನ್ನು ತಡೆಯುವುದು ಇನ್ನೂ ಬಂದಿಲ್ಲ, ಅಷ್ಟೇ.

ನಾನು ವಿಜ್ಞಾನ ಪಾಠ ಮಾಡುವವಳು, ಸ್ವಲ್ಪ ಸಹಿಸಿಕೊಳ್ಳಿ. ಒಂದು ನರಕೋಶ ಇನ್ನೊಂದಕ್ಕೆ ಸುದ್ದಿ ಮುಟ್ಟಿಸುತ್ತದೆ ಅಂತ ನಿಮ್ಮ ಮಕ್ಕಳು ಓದುತ್ತಾರೆ. ಆ ಸುದ್ದಿ ಯಾವಾಗಲೂ 'ಹೊರಡು' ಅಂತಲೇ ಇರುವುದಿಲ್ಲ. ಮೆದುಳಿನ ಹೊರಪದರದಲ್ಲಿ ಹೆಚ್ಚುಕಮ್ಮಿ 5ರಲ್ಲಿ 1 ಕೋಶದ ಕೆಲಸವೇ 'ಸುಮ್ನಿರು' ಅನ್ನುವುದು. ಅದಕ್ಕೆ ಅವು ಬಳಸುವ ರಾಸಾಯನಿಕದ ಹೆಸರು ಗಾಬಾ. ಅದು ಮೆದುಳಿನಲ್ಲಿದೆ ಅಂತ ಗೊತ್ತಾಗಿದ್ದು 1950ರಲ್ಲಿ.

ಗದ್ದೆಗೆ ನೀರು ಕಟ್ಟುವವರಿಗೆ ಇದು ಹೊಸದೇನಲ್ಲ. ನಾಲೆ ನೀರು ಬಂದ ರಾತ್ರಿ ಟಾರ್ಚ್, ಗುದ್ದಲಿ ಹಿಡಿದು ಹೋಗುತ್ತೀರಿ. ಒಂದು ಕಡೆ ಒಡೆಯುತ್ತೀರಿ, ಇನ್ನೊಂದು ಕಡೆ ಮಣ್ಣು ಹಾಕಿ ಮೆಟ್ಟುತ್ತೀರಿ. ಮೆಟ್ಟಿದ್ದು ಸಡಿಲವಾದರೆ ನೀರು ನಿನ್ನೆ ಹರಿದ ಕಡೆಗೇ ಹೋಗುತ್ತದೆ, ಅಲ್ವಾ?

ಕಲಿಯುವಾಗ ಮೆದುಳು ಈ ಎರಡೂ ಕೆಲಸ ಮಾಡುತ್ತದೆ. ಸನ್ನೆಕೋಲು (ಲಿವರ್) ಒತ್ತುವುದನ್ನು ಕಲಿಯುತ್ತಿದ್ದ ಇಲಿಗಳ ಮೆದುಳನ್ನು ವಿಜ್ಞಾನಿಗಳು ದಿನದಿನವೂ ನೋಡಿದ್ದಾರೆ. ತಡೆಯುವ ಕೋಶಗಳಲ್ಲಿ ಒಂದು ಬಗೆಯವುಗಳ ಕೊಂಡಿಗಳು ಕಡಿಮೆಯಾದವು, ಇನ್ನೊಂದು ಬಗೆಯವು ಜಾಸ್ತಿಯಾದವು. ಮನುಷ್ಯರಲ್ಲೂ ಕೈ ಹೊಸ ಕೆಲಸ ಕಲಿಯುವಾಗ, ಕೈ ಆಡಿಸುವ ಮೆದುಳಿನ ಭಾಗದಲ್ಲಿ ಗಾಬಾ ಪ್ರಮಾಣ ಇಳಿಯುವುದು ಸ್ಕ್ಯಾನ್‌ನಲ್ಲಿ ಕಂಡಿದೆ. ಇಲಿಯ ಸನ್ನೆಕೋಲಿಗೂ ನಮ್ಮ ಹುಡುಗನ ಬೀಜಗಣಿತಕ್ಕೂ ನೇರ ಗಂಟು ಹಾಕುವುದು ಸರಿಯಲ್ಲ, ಒಪ್ಪುತ್ತೇನೆ. ಆದರೆ ಮಗು ಕಲಿಯುವುದು ಅಂದರೆ ಖಾಲಿ ಡಬ್ಬಕ್ಕೆ ರಾಗಿ ತುಂಬಿದಂತೆ ಅಲ್ಲ ಅನ್ನುವುದು ಖಂಡಿತ.

ನನಗೆ ಜಾಸ್ತಿ ಯೋಚನೆ ಭಯದ್ದು. ಹೆದರಿದ ಮಗುವಿಗೆ ಧೈರ್ಯ ಬಂದರೆ ಹಳೇ ಭಯ ಅಳಿಸಿಹೋಯಿತು ಅಂದುಕೊಳ್ಳುತ್ತೇವೆ. ಬಹುಪಾಲು ಅಳಿಸಿರುವುದಿಲ್ಲ. ಅದನ್ನು ಅದುಮಿ ಹಿಡಿಯುವ ಹೊಸ ಕಲಿಕೆ ಮೇಲೆ ಕೂತಿರುತ್ತದೆ. ಅಲ್ಲಿಯೂ ಈ 'ಸುಮ್ನಿರು' ಕೋಶಗಳದ್ದೇ ದೊಡ್ಡ ಪಾಲು. ಹೋಯಿತು ಅಂದುಕೊಂಡ ಅಭ್ಯಾಸ ಸ್ವಲ್ಪ ಹೊತ್ತು ಬಿಟ್ಟು ತಾನಾಗಿ ಮರಳುವುದನ್ನು ರಷ್ಯಾದ ವಿಜ್ಞಾನಿ ಪಾವ್ಲೊವ್ ತಮ್ಮ ಪ್ರಯೋಗದ ನಾಯಿಗಳಲ್ಲೇ ಕಂಡಿದ್ದರು.

ಗೊತ್ತಿದ್ದೂ ನಾನೇ ಎಡವಿದ್ದೇನೆ. ಬೋರ್ಡ್ ಹತ್ತಿರ ಬಂದರೆ ಬೆವರುತ್ತಿದ್ದ ಹುಡುಗಿಯೊಬ್ಬಳು ಹೇಗೋ ಬರೆಯಲು ಶುರು ಮಾಡಿದ್ದಳು. ಒಂದು ದಿನ ಬೇರೆ ಯಾವುದೋ ಸಿಟ್ಟಿಗೆ ಅವಳ ಮೇಲೆ ರೇಗಿದೆ. ಸೀಮೆಸುಣ್ಣ ಮೇಜಿನ ಮೇಲಿಟ್ಟು ಹೋಗಿ ಕೂತಳು. ಮತ್ತೆ ಎದ್ದು ಬರಲು ಒಂದು ತಿಂಗಳಾಯಿತು.

ಆದ್ದರಿಂದ ಶನಿವಾರ ಪೇಪರ್ ನೋಡಿದ ಕೂಡಲೇ ಶಾಲೆ ಅಂಗಳದಲ್ಲೇ ಬೈಯಬೇಡಿ. ಮನೆಯಲ್ಲಿ ತಪ್ಪಾದ ಒಂದೇ ಲೆಕ್ಕ ಆರಿಸಿ. ಇವತ್ತು ಮಾಡಿಸಿ, ನಾಳೆ ಮಾಡಿಸಿ, ನಾಲ್ಕು ದಿನ ಬಿಟ್ಟು ಇನ್ನೊಮ್ಮೆ. ನಿಮಗೆ ಲೆಕ್ಕ ಬರದಿದ್ದರೂ ಪರವಾಗಿಲ್ಲ, ಪಕ್ಕದಲ್ಲಿ ಕೂತರೆ ಸಾಕು. ರಾತ್ರಿ ಮೊಬೈಲ್ ತೆಗೆದಿಟ್ಟು ಹೊತ್ತಿಗೆ ಮಲಗಿಸಿ.

ಆಲೆಮನೆ ಕೆಲಸ ಇರುವವರು ಮಧ್ಯಾಹ್ನ 1 ಗಂಟೆಯವರೆಗೆ ಯಾವಾಗ ಬಂದರೂ ಸರಿ, ನಾನಿರುತ್ತೇನೆ. ಅಂಕ ಕೂಡಿಸುವುದರಲ್ಲಿ ನಮ್ಮ ತಪ್ಪೇನಾದರೂ ಕಂಡರೆ ಸಂಕೋಚ ಬೇಡ, ಹೇಳಿ.

ಇಂತಿ,
ಮುಖ್ಯ ಶಿಕ್ಷಕಿ
ಪ್ರೌಢಶಾಲೆ, ಮಂಡ್ಯ ತಾಲ್ಲೂಕು